ಕಡಲು ತಿಂದ ಜಾಗ ಅಳೆದುಕೊಟ್ಟ ಹುಬ್ಬಳ್ಳಿಯ ಸರ್ವೆ ಆಫೀಸು

ಕ್ಲಬ್ ರೋಡಿನ ಈ ಆಫೀಸಿಗೆ ನಾನು ಹೋಗಿದ್ದು ತವರಿನ ಜಾಗದ ಕೆಲಸಕ್ಕೆ. ಜಾಗ ಇರುವುದು ಹೊನ್ನಾವರ ತಾಲೂಕಿನಲ್ಲಿ, ಶರಾವತಿ ಅಳಿವೆ ಹತ್ತಿರದ ಕಡಲ ದಂಡೆಯಲ್ಲಿ. ಆರ್‌ಟಿಸಿಯಲ್ಲಿ 22 ಗುಂಟೆ ಇದೆ. ಅಪ್ಪ ಹೋದ ಮೇಲೆ ನಾನು, ಇಬ್ಬರು ತಮ್ಮಂದಿರು ಪಾಲು ಮಾಡಿಕೊಳ್ಳಬೇಕಿತ್ತು. ಪಾಲು ಮಾಡುವುದು ಯಾವ 22 ಗುಂಟೆಯನ್ನು? ವರ್ಷ ವರ್ಷವೂ ಮಳೆಗಾಲದಲ್ಲಿ ಕಡಲು ಕೊರೆದು ತೆಂಗಿನ ಮರ ಒಂದೊಂದೇ ಬೀಳುತ್ತಿದ್ದವು.

ಮೊದಲು ಬೇರೊಬ್ಬರಿಗೆ ಕೆಲಸ ಕೊಟ್ಟು ಮೋಸ ಹೋದೆವು. ಅವರು ಜಾಗಕ್ಕೆ ಕಾಲಿಡಲೇ ಇಲ್ಲ. ಹಳೆ ನಕ್ಷೆ ನೋಡಿ 22 ಗುಂಟೆಯ ಚೌಕ ಬರೆದು ಕೊಟ್ಟು 6 ಸಾವಿರ ತೆಗೆದುಕೊಂಡರು. ಆ ಚೌಕದ ಪಶ್ಚಿಮದ ಮೂಲೆಯಲ್ಲಿ ಈಗ ಅಲೆ ಒಡೆಯುತ್ತದೆ.

ಕ್ಲಬ್ ರೋಡಿನ ಈ ಆಫೀಸಿನವರು ಮೊದಲ ದಿನವೇ ಎರಡು ಮಾತು ಬಿಡಿಸಿ ಹೇಳಿದರು. ತಾವು ಅಳೆದಿದ್ದು ನಮ್ಮ ತಿಳಿವಳಿಕೆಗೆ ಮಾತ್ರ, ಸರ್ಕಾರಿ ದಾಖಲೆಗೆ ಹದ್ದುಬಸ್ತಿನ (ಗಡಿ ಗುರುತಿಸುವ) ಅರ್ಜಿಯನ್ನು ಬೇರೆಯಾಗಿಯೇ ಹಾಕಬೇಕು ಎಂದರು. ಆಮೇಲೆ ಅಮಾವಾಸ್ಯೆ ಯಾವಾಗ ಎಂದು ಕ್ಯಾಲೆಂಡರ್ ನೋಡಿದರು. ಆಗ ಇಳಿತ ಜಾಸ್ತಿ, ಉಬ್ಬರವೂ ಜಾಸ್ತಿ. ಎರಡನ್ನೂ ಒಂದೇ ದಿನ ನೋಡಬಹುದು ಅಂತ.

ಹಿಂದಿನ ದಿನವೇ ಅರಬೈಲ್ ಘಟ್ಟ ಇಳಿದು ಹೋಗಿ ಉಳಿದೆವು. ಬೆಳಗಿನ ಇಳಿತಕ್ಕೆ ಅವರ ಹುಡುಗರು ಇಬ್ಬರು ಉಪಗ್ರಹದ ಸಿಗ್ನಲ್ ಹಿಡಿದು ಜಾಗ ಗುರುತಿಸುವ ರೋವರ್ ಕೋಲು ಹಿಡಿದು ದಂಡೆಗೆ ಬಂದಿದ್ದರು. ರಸ್ತೆ ಬದಿಯ ಬಾಂದುಕಲ್ಲು ಮುಳ್ಳಿನ ಪೊದೆಯೊಳಗೆ ಸಿಕ್ಕಿತು. ಪಡುವಣದ್ದು ಸಿಗಲಿಲ್ಲ. ಮಂಡಿಯುದ್ದ ನೀರಿಗೆ ಇಳಿದು ಹುಡುಕಿದರು, ಮರಳು ಕೆದಕಿದರು. ಹಿರಿಯ ಸರ್ವೆಯರ್ ಬಂದು, "ಅಕ್ಕಾರ, ಕಲ್ಲು ಸಿಗಲಿಲ್ಲ ಅಂದ್ರ ಸಿಗಲಿಲ್ಲ ಅಂತನ ಬರೀತೀನ್ರಿ. ಅಂದಾಜಿಗೆ ಒಂದು ನೆಟ್ಟು ಕೊಡೂದಿಲ್ಲ" ಅಂದರು. ನನಗೆ ಇವರ ಮೇಲೆ ನಂಬಿಕೆ ಬಂದಿದ್ದು ಆಗ.

ನಮ್ಮ ಬಾವಿಯ ವಿಷಯ ಹೇಳಲೇಬೇಕು. ಚಿರೆಕಲ್ಲಿನ ಬಾವಿ, ಅಪ್ಪ ಕಟ್ಟಿಸಿದ್ದು. ನಾನು ಚಿಕ್ಕವಳಿದ್ದಾಗ ಬಾವಿ ದಾಟಿ ನಾಲ್ಕು ಸಾಲು ತೆಂಗು, ಆಮೇಲೆ ಗಾಳಿಮರ, ಆಮೇಲೆ ಮರಳು. ಈಗ ಸುತ್ತಲಿನ ಮಣ್ಣೆಲ್ಲ ಹೋಗಿದೆ. ಬಾವಿಯ ಗೋಡೆ ಆಳೆತ್ತರದ ಗೋಪುರದ ಹಾಗೆ ಒಂಟಿಯಾಗಿ ಮರಳಿನ ಮೇಲೆ ನಿಂತಿದೆ. ಕೆಳಗಿನ ಕಲ್ಲುಗಳ ಸಂದಿಯಲ್ಲಿ ಸಿಂಪಿ ಕಚ್ಚಿಕೊಂಡಿವೆ. ಹುಡುಗ ಅದರ ನಾಲ್ಕೂ ಕಡೆ ಕೋಲು ಊರಿ ಗುರುತು ಮಾಡಿಕೊಂಡ. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ.

ಮಧ್ಯಾಹ್ನ ಉಬ್ಬರದ ನೀರು ಎಲ್ಲಿಗೆ ಬಂತು ಎಂದು ಮತ್ತೆ ಅಳೆದರು. ಅದರ ಮೇಲೆ ಉಳಿದಿದ್ದು ಹದಿಮೂರೂವರೆ ಗುಂಟೆ. ಎಂಟೂವರೆ ಗುಂಟೆ ಕಡಲಿಗೆ. ಹುಬ್ಬಳ್ಳಿ ಲೆಕ್ಕದಲ್ಲಿ ಹೇಳುವುದಾದರೆ 30x40 ಅಡಿಯ ಏಳಕ್ಕೂ ಜಾಸ್ತಿ ಸೈಟು.

ಇದು ಅವತ್ತಿನ ನೀರಿನ ಗೆರೆ ಮಾತ್ರ ಎಂದು ವರದಿಯಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ಕಾನೂನಿಗೆ ಬೇಕಾದ ಉಬ್ಬರದ ಗೆರೆಯನ್ನು ಗುರುತಿಸುವುದು ಚೆನ್ನೈನ ರಾಷ್ಟ್ರೀಯ ಸುಸ್ಥಿರ ಕರಾವಳಿ ನಿರ್ವಹಣಾ ಕೇಂದ್ರ. 2019ರ ಅಧಿಸೂಚನೆ ಪ್ರಕಾರ ಹಳ್ಳಿ ಕಡೆ ಜನಸಂಖ್ಯೆ ಚದರ ಕಿಲೋಮೀಟರಿಗೆ 2161ಕ್ಕಿಂತ ಜಾಸ್ತಿ ಇದ್ದರೆ ಆ ಗೆರೆಯಿಂದ 50 ಮೀಟರ್, ಇಲ್ಲದಿದ್ದರೆ 200 ಮೀಟರ್ ಒಳಗೆ ಹೊಸ ಮನೆ ಕಟ್ಟುವ ಹಾಗಿಲ್ಲ. ದಂಡೆಯಲ್ಲಿ ಸೈಟು ತೆಗೆದುಕೊಳ್ಳುವ ಹುಬ್ಬಳ್ಳಿಯವರು ಇದನ್ನು ಕೇಳಿಕೊಂಡೇ ಅಡ್ವಾನ್ಸ್ ಕೊಡಿ.

ದೊಡ್ಡ ತಮ್ಮನ ಮನಸ್ಸಿನಲ್ಲಿ ಬೇರೆ ಆಸೆ ಇತ್ತು. ಉಳ್ಳಾಲದಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ ಸಾಲದಲ್ಲಿ ಕಡಲ್ಕೊರೆತ ತಡೆಯುವ ಕೆಲಸ ಮಾಡಿದ್ದಾರಲ್ಲ, ನಮ್ಮ ಕಡೆಯೂ ಸರ್ಕಾರ ಮರಳು ತುಂಬಿದರೆ ಎಂಟೂವರೆ ಗುಂಟೆ ವಾಪಸ್ ಬರುತ್ತದೆ ಎಂದು ನಂಬಿದ್ದ. ಅದಕ್ಕೆ ಉತ್ತರ ಕೊಟ್ಟಿದ್ದು ನವನಗರದ ಕಾನೂನು ವಿಶ್ವವಿದ್ಯಾಲಯದಲ್ಲಿ ಓದುವ ನನ್ನ ಮಗಳು. ಅಮೆರಿಕದ ಫ್ಲೋರಿಡಾದಲ್ಲಿ ಹೀಗೇ ಆಗಿತ್ತಂತೆ. ಡೆಸ್ಟಿನ್ ಊರಿನ ಕಡೆ ಚಂಡಮಾರುತಕ್ಕೆ ಸವೆದ ದಂಡೆಗೆ ಮರಳು ಸುರಿದು ಸುಮಾರು 75 ಅಡಿ ಅಗಲ ಮಾಡಲು ಹೊರಟರು. ಹೊಸ ಮರಳು ಸರ್ಕಾರದ್ದು, ಮಾಲೀಕರ ಹದ್ದು ಹಳೆ ಗೆರೆಗೇ ನಿಲ್ಲುತ್ತದೆ ಎಂದರು. ನಮ್ಮ ಮನೆಗೂ ನೀರಿಗೂ ಮಧ್ಯೆ ಸರ್ಕಾರದ ಪಟ್ಟಿ ಯಾಕೆ ಎಂದು ಮನೆಯವರು ಸುಪ್ರೀಂ ಕೋರ್ಟಿನವರೆಗೆ ಹೋದರು. 2010ರ ಜೂನ್‌ನಲ್ಲಿ ವಿಚಾರಣೆ ನಡೆಸಿದ ಎಂಟೂ ನ್ಯಾಯಮೂರ್ತಿಗಳು ಇದು ಆಸ್ತಿ ಕಿತ್ತುಕೊಂಡ ಹಾಗಲ್ಲ ಎಂದು ತೀರ್ಪು ಕೊಟ್ಟರು. ನಮ್ಮಲ್ಲೂ 1964ರ ಭೂಕಂದಾಯ ಕಾಯ್ದೆಯ 67ನೇ ಕಲಮಿನ ಪ್ರಕಾರ ಉಬ್ಬರದ ಗೆರೆಯ ಕೆಳಗಿನ ಕಡಲ ತಳ ರಾಜ್ಯ ಸರ್ಕಾರದ್ದು. "ಮಾಮಾ, ಮರಳು ಬಂದ್ರೂ ಅದು ನಮ್ಮದು ಅಂತ ನಂಬಿ ಕೂಡಬ್ಯಾಡ" ಅಂದಳು. ತಮ್ಮ ತುಂಬಾ ಹೊತ್ತು ಮಾತಾಡಲಿಲ್ಲ. ನನಗೂ ಸಂಕಟವಾಯಿತು. ತೀರ್ವೆ ಕಟ್ಟಿಕೊಂಡು ಬಂದ ಜಾಗ, ನಾವು ಮಾರಲಿಲ್ಲ, ಯಾರಿಗೂ ಬಿಟ್ಟುಕೊಡಲಿಲ್ಲ. ಹಾಗೇ ಹೋಯಿತು. ಇದಕ್ಕೆ ಏನಾದರೂ ಪರಿಹಾರ ಇರಬೇಕು ಅಲ್ವಾ?

ಆಫೀಸಿನ ಕೊರತೆಯೂ ಹೇಳುತ್ತೇನೆ. ಫೀಸು 18 ಸಾವಿರ ಎಂದಿದ್ದರು, ಗಾಡಿ ಖರ್ಚು ಬೇರೆ ಎಂದು ಕೊನೆಗೆ ಗೊತ್ತಾಯಿತು. ವಾರದಲ್ಲಿ ಕೊಡುತ್ತೇವೆಂದ ವರದಿ ಬರಲು 19 ದಿನ ಬೇಕಾಯಿತು. ಅದೂ ಪೂರ್ತಿ ಇಂಗ್ಲಿಷ್‌ನಲ್ಲಿ. ಅಮ್ಮನಿಗೆ ನಾನೇ ಓದಿ ಹೇಳಬೇಕಾಯಿತು. ಕನ್ನಡದಲ್ಲಿ ಒಂದು ಪುಟ ಕೊಟ್ಟರೆ ಎಷ್ಟು ಅನುಕೂಲ. ಅದಕ್ಕೇ ಐದರಲ್ಲಿ ನಾಲ್ಕು ಸ್ಟಾರ್.

ಪಾಲು ಮಾತ್ರ ಜಗಳವಿಲ್ಲದೆ ಮುಗಿಯಿತು, ತಲಾ ನಾಲ್ಕೂವರೆ ಗುಂಟೆ. ರಸ್ತೆ ಬದಿಯ ಕಲ್ಲಿಗೆ ಇವರೇ ಕೆಂಪು ಬಣ್ಣ ಹಚ್ಚಿ, ಅಲ್ಲಿಂದ ದಂಡೆಯ ಅಂಚಿಗೆ ವರ್ಷಕ್ಕೊಮ್ಮೆ ಟೇಪು ಹಿಡಿಯಿರಿ ಎಂದು ತಮ್ಮನಿಗೆ ಹೇಳಿಕೊಟ್ಟಿದ್ದಾರೆ. ಹೋಗುವವರು ಆರ್‌ಟಿಸಿ ಮತ್ತು ಟಿಪ್ಪಣಿಯ (ಹಳೆ ಸರ್ವೆ ನಕ್ಷೆಯ) ನಕಲು ಜೊತೆಗೇ ಒಯ್ಯಿರಿ, ಇಲ್ಲದಿದ್ದರೆ ಸುಮ್ನೆ ಎರಡು ಸಲ ಓಡಾಡಬೇಕು. ಶನಿವಾರ ಜನ ಜಾಸ್ತಿ.