ರುಂಡವಿಲ್ಲದ ಸವಾರನ ಜಾಡು ಹಿಡಿಯಲು ‘ದೂಖಸ್’ ಜಾಲತಾಣ: ಎಲ್ಲಿ ಕೈ ಹಿಡಿಯುತ್ತದೆ, ಎಲ್ಲಿ ಕೈ ಕೊಡುತ್ತದೆ

ಐರ್ಲೆಂಡಿನ ಡಲ್ಲಹನ್, ಅಂದರೆ ಸಾವಿನ ಕರೆ ತರುವ ರುಂಡವಿಲ್ಲದ ಸವಾರನ ಬಗ್ಗೆ ನೆಟ್‌ನಲ್ಲಿ ಹುಡುಕಿದರೆ ಬೆನ್ನೆಲುಬಿನ ಚಾವಟಿ, ಚಿನ್ನ ಕಂಡರೆ ಓಡುವ ದೆವ್ವ, ಇಷ್ಟೇ ತಿರುತಿರುಗಿ ಬರುತ್ತದೆ. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದಲ್ಲೋ ಧಾರವಾಡದಲ್ಲೋ ತೌಲನಿಕ ಅಧ್ಯಯನಕ್ಕೆ ಕುಳಿತವರು ಆ ಸರಕನ್ನು ಬಿಟ್ಟು ದೂಖಸ್ ಡಾಟ್ ಐಇ (duchas.ie) ತೆರೆಯಬೇಕು. ಡಬ್ಲಿನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿರುವ ರಾಷ್ಟ್ರೀಯ ಜಾನಪದ ಸಂಗ್ರಹದ ಹಲವು ಭಾಗಗಳನ್ನು ಇಲ್ಲಿ ಪುಕ್ಕಟೆ ಓದಬಹುದು.

ಇದರ ತಿರುಳು ಶಾಲಾ ಸಂಗ್ರಹ. 1937ರಿಂದ 1939ರವರೆಗೆ 26 ಕೌಂಟಿಗಳ ಸುಮಾರು 5,000 ಶಾಲೆಗಳ ಮಕ್ಕಳು ಮನೆಯ ಹಿರಿಯರನ್ನು, ಓಣಿಯವರನ್ನು ಕೇಳಿ ಬರೆದದ್ದು. ಒಟ್ಟು ಸುಮಾರು 7,40,000 ಪುಟ. ಉತ್ತರದ 6 ಕೌಂಟಿಗಳು ಬ್ರಿಟಿಷ್ ಆಡಳಿತದಲ್ಲಿದ್ದುದರಿಂದ ಇದರಲ್ಲಿಲ್ಲ.

‘ಡಲ್ಲಹನ್’ ಎಂದಷ್ಟೇ ಟೈಪ್ ಮಾಡಿ ಬಿಡಬೇಡಿ. ಅದು ಪುಸ್ತಕಗಳಿಂದ ಹೆಚ್ಚು ಹರಡಿದ ಹೆಸರು. ಇಂಗ್ಲಿಷಿನಲ್ಲಿ ‘ಹೆಡ್‌ಲೆಸ್ ಕೋಚ್’, ‘ಡೆಡ್ ಕೋಚ್’, ‘ವಿದೌಟ್ ಎ ಹೆಡ್’ ಎಂದು ಬೇರೆ ಬೇರೆಯಾಗಿ ಹುಡುಕಿ. ಐರಿಷ್‌ನಲ್ಲಿ ‘ಕೋಷ್ಟೆ ಬೌರ್’ (cóiste bodhar), ರುಂಡವಿಲ್ಲದವನು ಓಡಿಸುವ ಸಾವಿನ ಸಾರೋಟು. ‘ಬೌರ್’ ಎಂದರೆ ಕಿವುಡು; ಸಪ್ಪಳವಿಲ್ಲದೆ ಬರುವ ಗಾಡಿ ಎಂಬ ಧ್ವನಿ. ಈ ಪದದಲ್ಲೇ ಒಂದು ತೊಡಕಿದೆ: ಹಳೆಯ ಐರಿಷ್ ಲಿಪಿಯಲ್ಲಿ ಡಿ ಅಕ್ಷರದ ಮೇಲೆ ಚುಕ್ಕೆ ಇಡುತ್ತಿದ್ದರು, ಈಗ ಅದರ ಬದಲು ಡಿಎಚ್ ಬರೆಯುತ್ತಾರೆ. ಪಠ್ಯ ಟೈಪ್ ಮಾಡಿದವರು ಸ್ವಯಂಸೇವಕರು. ಒಬ್ಬರು ಚುಕ್ಕೆ ಕೈಬಿಟ್ಟಿದ್ದರೂ ಆ ಕಥೆ ನಿಮ್ಮ ಹುಡುಕಾಟಕ್ಕೆ ಸಿಗದು. ಆದ್ದರಿಂದ ಎರಡು ಮೂರು ಕಾಗುಣಿತ ಹಾಕಿ ನೋಡಿ, ಸಿಕ್ಕಿದ್ದನ್ನು ಪಕ್ಕದ ಕೈಬರಹದ ಚಿತ್ರದೊಡನೆ ಸಾಲು ಸಾಲಾಗಿ ತಾಳೆ ನೋಡಿ. ಮೊಬೈಲಿನಲ್ಲಿ ಇದು ಕಣ್ಣಿಗೆ ಶಿಕ್ಷೆ. ಲ್ಯಾಪ್‌ಟಾಪ್ ಬೇಕೇ ಬೇಕು.

ಅಮೆರಿಕದ ಸ್ಲೀಪಿ ಹಾಲೊ ಕಥೆಯ ರುಂಡವಿಲ್ಲದ ಸವಾರ ಡಲ್ಲಹನ್‌ನಿಂದ ಬಂದನೇ ಎಂಬ ಮೂಲದ ಪ್ರಶ್ನೆಗೆ ಮಾತ್ರ ಈ ಸಂಗ್ರಹವನ್ನು ಸಾಕ್ಷಿ ಕಟ್ಟೆಗೆ ಎಳೆಯಬೇಡಿ. ವಾಷಿಂಗ್ಟನ್ ಇರ್ವಿಂಗ್ ಬರೆದ ಆ ಕಥೆ ಅಚ್ಚಾದದ್ದು 1820ರಲ್ಲಿ. ಐರಿಷ್ ಜಾನಪದ ಸಂಗ್ರಾಹಕ ಕ್ರಾಫ್ಟನ್ ಕ್ರೋಕರ್ ಡಲ್ಲಹನ್ ಕಥೆಗಳನ್ನು ಅಚ್ಚು ಹಾಕಿಸಿದ್ದೂ ಆ ದಶಕದಲ್ಲೇ. ನೂರು ವರ್ಷದ ನಂತರ ಹುಡುಗನೊಬ್ಬ ಬರೆದುಕೊಂಡದ್ದು ಅಜ್ಜನ ಬಾಯಿಂದ ಬಂದಿರಬಹುದು, ಅಜ್ಜ ಓದಿದ ಪುಸ್ತಕದಿಂದಲೂ ಬಂದಿರಬಹುದು. ಅಮೆರಿಕದ ಆ ಕಥೆಗೆ ವಿದ್ವಾಂಸರು ಹತ್ತಿರದ ಮೂಲವಾಗಿ ತೋರಿಸುವುದು ಜರ್ಮನ್ ಕಥೆಗಳನ್ನು. ಐರಿಷ್‌ನಲ್ಲಿ ನಿಜಕ್ಕೂ ಹಳೆಯದು ಬ್ರಿಕ್ರಿಯುವಿನ ಔತಣದ ಕಥೆ. ಅದರ ಪಠ್ಯವಿರುವ ಒಂದು ಹಸ್ತಪ್ರತಿ ಸುಮಾರು 1100ರದು. ಆ ಕಥೆಯಲ್ಲಿ ವೀರ ಕೂಖುಲಿನ್ ಕಡಿದ ತನ್ನ ತಲೆಯನ್ನು ದೈತ್ಯನೇ ಎತ್ತಿಕೊಂಡು ನಡೆಯುತ್ತಾನೆ. ಆದರೆ ಕುದುರೆಯಿಲ್ಲ, ಸಾವಿನ ಕರೆಯೂ ಇಲ್ಲ.

ನಮ್ಮ ಹಳಗನ್ನಡದ ‘ಅಟ್ಟೆ’ಯ ಜೊತೆ ಹೋಲಿಸುವವರಿಗೂ ಇದೇ ಎಚ್ಚರ. ಅಟ್ಟೆ ಎಂದರೆ ರಣದಲ್ಲಿ ಕುಣಿಯುವ ಮುಂಡ, ಅದರ ಆಟ ಅಲ್ಲಿಗೇ ಮುಗಿಯುತ್ತದೆ. ಡಲ್ಲಹನ್ ಬದುಕಿರುವವರ ಮನೆಗೆ ಬರುವ ಸಾವಿನ ಓಲೆಕಾರ. ತಲೆಯಿಲ್ಲ ಎಂಬುದೊಂದೇ ಸಾಮ್ಯ. ಅಷ್ಟಕ್ಕೇ ಒಂದು ಪ್ರಬಂಧ ನಿಲ್ಲದು.

ಪ್ರತಿ ಪುಟಕ್ಕೂ ಸಂಪುಟ ಸಂಖ್ಯೆ, ಪುಟ ಸಂಖ್ಯೆ, ಶಾಲೆಯ ಹೆಸರು ಇರುತ್ತವೆ. ಹೇಳಿದವರ ವಿವರವೂ ಹಲವೆಡೆ ಸಿಗುತ್ತದೆ. ಸ್ಕ್ರೀನ್‌ಶಾಟ್ ಹೊಡೆಯುವಾಗ ಇವನ್ನೂ ಬರೆದಿಟ್ಟುಕೊಳ್ಳಿ, ಆಮೇಲೆ ಅದೇ ಪುಟ ಮತ್ತೆ ಹುಡುಕುವುದು ದೊಡ್ಡ ತಲೆನೋವು. ಮೂಲದ ಹೆಸರು ಹೇಳಿ, ಲಾಭಕ್ಕಲ್ಲದೆ ಬಳಸಲು ಅಡ್ಡಿಯಿಲ್ಲ. ಮಾರಾಟದ ಪುಸ್ತಕಕ್ಕೆ ಅನುವಾದಿಸುವುದಾದರೆ ಮೊದಲು ಡಬ್ಲಿನ್ನಿಗೆ ಬರೆದು ಒಪ್ಪಿಗೆ ಪಡೆಯಿರಿ.