ನಡುರಾತ್ರಿ ಎಚ್ಚರವಾಗುವ ಮಗ: ಕೂಲರ್, ಮಾಳಿಗೆ, ಜಾಜಿಕಾಯಿ, ಅಲಾರಂ ಎಲ್ಲ ಮಾಡಿ ನೋಡಿದ ಮೇಲೆ

ಹೋದ ವರ್ಷ ಏಪ್ರಿಲ್‌ನಿಂದ ನನ್ನ ಮಗನ ನಿದ್ದೆ ಕೆಟ್ಟಿತು. ಆಗ ಅವನಿಗೆ ಹದಿನೈದು. ಹನ್ನೊಂದಕ್ಕೆ ಮಲಗಿದವನು ಎರಡೂವರೆ, ಮೂರಕ್ಕೆಲ್ಲ ಎದ್ದು ಕತ್ತಲಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತಿರುತ್ತಿದ್ದ. "ಯಾಕಪ್ಪಾ, ಮಲಗಿಲ್ಲೇನು?" ಎಂದರೆ, "ನಿದ್ದಿ ಬರವಲ್ದವ್ವಾ, ಬಂದ್ರೂ ಮತ್ತ ಎಚ್ಚರ ಆಗ್ತದ" ಎನ್ನುತ್ತಿದ್ದ. ಬೆಳಿಗ್ಗೆ ಅವನ ಮುಖ ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು.

ಕೇಳಿದವರೆಲ್ಲ ಒಂದೊಂದು ಉಪಾಯ ಹೇಳಿದರು. ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಯಾವುದು ಹತ್ತಿತು ಎಂದು ಗೊತ್ತಾಗುವುದಿಲ್ಲ. ಅದಕ್ಕೆ ಹಳೆಯ ನೋಟ್‌ಬುಕ್ ಒಂದರಲ್ಲಿ ಗೆರೆ ಹೊಡೆದು ಮಲಗಿದ್ದು, ಎಚ್ಚರವಾಗಿದ್ದು, ಎದ್ದಿದ್ದು ಎಂದು ಬರೆಯತೊಡಗಿದೆವು. ಒಂದೊಂದು ಉಪಾಯಕ್ಕೆ ಎರಡೆರಡು ವಾರ. ಬರೆಯುವ ಕೆಲಸ ಮಗನದೇ. ನಡುರಾತ್ರಿ ಗಡಿಯಾರ ನೋಡಬೇಡ, ಬೆಳಿಗ್ಗೆ ಅಂದಾಜಿನಲ್ಲಿ ಬರಿ ಎಂದಿದ್ದೆ. ಗಡಿಯಾರ ನೋಡುತ್ತ ಕೂತರೆ ಇದ್ದ ನಿದ್ದೆಯೂ ಹೋಗುತ್ತದೆ.

ಮೊದಲು ಸೆಕೆಯ ವಿಷಯ. ರಾಯಚೂರಿನ ಬೇಸಿಗೆ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ. ಹಗಲು 40 ಡಿಗ್ರಿ ದಾಟುತ್ತದೆ. ಆರ್‌ಸಿಸಿ ಛತ್ತು ದಿನವಿಡೀ ಬಿಸಿಲು ಕುಡಿದು ನಡುರಾತ್ರಿಯವರೆಗೂ ಕೋಣೆಯೊಳಗೆ ಕಾರುತ್ತದೆ. ಮೈಯೊಳಗಿನ ಬಿಸಿ ಕೊಂಚ ಇಳಿದರೇನೇ ನಿದ್ದೆ ಗಟ್ಟಿಯಾಗುವುದು. ಕೋಣೆ ಕಾದ ಹಂಚಿನಂತಿದ್ದರೆ ಅದು ಇಳಿಯುವುದಾದರೂ ಹೇಗೆ?

ಕೂಲರ್ ಹಾಕಿದೆವು. ಮಗನಿಗೆ ಬೇಗ ನಿದ್ದೆ ಹತ್ತಿತು, ಎಚ್ಚರವಾಗುವುದು ಮಾತ್ರ ನಿಲ್ಲಲಿಲ್ಲ. ನೋಟ್‌ಬುಕ್ ನೋಡಿದರೆ ಐದು ರಾತ್ರಿ ಸಾಲಾಗಿ ಮೂರರ ಆಸುಪಾಸು. ಆರನೆಯ ರಾತ್ರಿ ನಾನೇ ಎದ್ದು ಹೋಗಿ ಕೂಲರಿನ ತೊಟ್ಟಿಗೆ ಕೈ ಹಾಕಿದೆ. ತಳದಲ್ಲಿ ಒಂದು ಬೆರಳು ನೀರು. ಮೋಟಾರು ಬರಿದೇ ಗೊರಗೊರ ಎನ್ನುತ್ತಿತ್ತು, ಹುಲ್ಲು ಒಣಗಿತ್ತು, ಗಾಳಿ ಬೆಚ್ಚಗಿತ್ತು. ಮಗನ ಬನಿಯನ್ ಬೆನ್ನಿಗೆ ಅಂಟಿತ್ತು. ಮರುದಿನದಿಂದ ನಾವು ಮಲಗುವಾಗ ಇನ್ನೆರಡು ಕೊಡ ಸುರಿದೆವು. ಎಚ್ಚರ ಮೂರರಿಂದ ನಾಲ್ಕೂವರೆಗೆ ಸರಿಯಿತು. ಇಂಥ ಸಣ್ಣ ಕಾರಣವೂ ಇರಬಹುದು, ಮೊದಲು ಇದನ್ನು ನೋಡಿಕೊಳ್ಳಿ. ಕಿಟಕಿ ತೆರೆದೇ ಇರಬೇಕು, ಇಲ್ಲದಿದ್ದರೆ ಕೂಲರ್ ಕೋಣೆಯಲ್ಲಿ ಜಿಗುಟು ತುಂಬುತ್ತದೆ. ಮಳೆ ಶುರುವಾದ ಮೇಲಂತೂ ಗಾಳಿಯೇ ತೇವ, ಆಗ ಕೂಲರಿಗಿಂತ ಬರೀ ಫ್ಯಾನೇ ವಾಸಿ.

ಮೇ ತಿಂಗಳಲ್ಲಿ ಎರಡು ವಾರ ಮಾಳಿಗೆ ಮೇಲೆ ಮಲಗಿಸಿದೆ. ಸಂಜೆ ಆರಕ್ಕೆ ನಾಲ್ಕು ಬಕೆಟ್ ನೀರು ಹೊಯ್ದು, ಹತ್ತರ ಮೇಲೆ ಚಾಪೆ ಹಾಸಿ, ಮೇಲೊಂದು ಕೌದಿ, ನಾಲ್ಕು ಕೋಲಿಗೆ ಸೊಳ್ಳೆ ಪರದೆ. ಕರೆಂಟ್ ಹೋದರೂ ಚಿಂತೆಯಿಲ್ಲ. ನಾಯಿ ಬೊಗಳಿದಾಗ ಒಮ್ಮೆ ಹೊರಳುತ್ತಿದ್ದ, ಮತ್ತೆ ಮಲಗುತ್ತಿದ್ದ. ಒಂದೇ ತಕರಾರು, ಐದೂವರೆಗೆಲ್ಲ ಬೆಳಕು ಮುಖಕ್ಕೆ ಬಿದ್ದು ಎದ್ದುಬಿಡುತ್ತಿದ್ದ. ಇನ್ನೊಂದು ತಾಸು ಮಲಗಿದ್ದರೆ ಚೆನ್ನಾಗಿತ್ತಲ್ಲ ಎಂದು ನಾನು ಕೊರಗಿದೆ. ಆ ಬೆಳಕಿನಿಂದಲೇ ಮುಂದಿನ ರಾತ್ರಿ ಸರಿಹೋಗುತ್ತಿತ್ತು ಎಂಬುದು ನನಗೆ ತಿಳಿದಿದ್ದು ಆಮೇಲೆ. ಕೂಲರಿಗೂ ಮಾಳಿಗೆಗೂ ಹೋಲಿಸಿದರೆ ನನ್ನ ಮತ ಮಾಳಿಗೆಗೇ. ಮಳೆಗಾಲದಲ್ಲಿ ಅದು ಆಗದು ಎಂಬುದೊಂದೇ ಕೊರತೆ.

ಇನ್ನು ಬಾಯಿಗೆ ಕೊಡುವವು. ಅತ್ತೆಯವರು ಜಾಜಿಕಾಯಿ ತೇದು ಬಿಸಿ ಹಾಲಿಗೆ ಹಾಕಿ ಕೊಟ್ಟರು. ಮೊದಲ ಮೂರು ದಿನ ಚೆನ್ನಾಗಿ ಮಲಗಿದ, ನಾಲ್ಕನೆಯ ದಿನದಿಂದ ಮತ್ತೆ ಅದೇ ಪಾಡು. ಇನ್ನೊಂದಿಷ್ಟು ತೇಯಲು ನಾನು ಕಲ್ಲು ಹಿಡಿದಾಗ ಅತ್ತೆ ಕೈ ತಡೆದರು: "ಗುಂಜಿಯಷ್ಟೇ ಸಾಕವಾ, ಹೆಚ್ಚಾದ್ರ ತಲಿ ತಿರುಗ್ತದ." ಅವರ ಮಾತು ನಿಜ. ಜಾಜಿಕಾಯಿ ಜಾಸ್ತಿಯಾದರೆ ವಾಂತಿ, ಎದೆಬಡಿತ, ಭ್ರಮೆ ಎಲ್ಲ ಆಗುತ್ತದೆ. ಹಾಲು ಉಳಿಸಿಕೊಂಡೆವು. ಅಜ್ಜಿ ಪಕ್ಕದಲ್ಲಿ ಕೂತು ಲೋಟ ಹಿಡಿಯುವ ಆ ಹತ್ತು ನಿಮಿಷ ಅವನಿಗೆ ಬೇಕು.

ಆನ್‌ಲೈನಿನಲ್ಲಿ ಸಿಗುವ ಮೆಲಟೋನಿನ್ ಗಮ್ಮಿಯನ್ನೂ ತರಿಸಿದ್ದೆ. ಕೊಡುವ ಮುಂಚೆ ಡಾಕ್ಟರನ್ನು ಕೇಳಿದ್ದು ಒಳ್ಳೆಯದಾಯಿತು. ಮೆಲಟೋನಿನ್ ಒಂದು ಹಾರ್ಮೋನು, 'ರಾತ್ರಿಯಾಯಿತು' ಎಂದು ಮೈಗೆ ತಿಳಿಸುವುದು ಅದರ ಕೆಲಸ. ನಿದ್ದೆ ಹತ್ತಲು ತಡವಾಗುವವರಿಗೆ ಅದು ನೆರವಾಗಬಹುದು, ಆದರೆ ನಡುವೆ ಮುರಿಯುವ ನಿದ್ದೆಯನ್ನು ಹಿಡಿದು ನಿಲ್ಲಿಸುವ ಶಕ್ತಿ ಅದಕ್ಕೆ ಅಷ್ಟಿಲ್ಲ ಎಂದರು. ಬೆಳೆಯುವ ಮಕ್ಕಳಿಗೆ ಕೇಳದೆ ಕೊಡಬೇಡಿ ಎಂದೂ ಹೇಳಿದರು. ಡಬ್ಬಿಯ ಸೀಲನ್ನೇ ತೆಗೆಯಲಿಲ್ಲ.

ಫೋನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೈಟ್ ಮೋಡ್ ಹಾಕಿ ಕೈಯಲ್ಲೇ ಬಿಟ್ಟಾಗ ಏನೂ ವ್ಯತ್ಯಾಸವಾಗಲಿಲ್ಲ. ಹತ್ತರ ಮೇಲೆ ಎಲ್ಲರ ಫೋನೂ, ನನ್ನದೂ ಅವರಪ್ಪನದೂ ಸೇರಿ, ಅಡುಗೆಮನೆಯ ಗೂಡಿನಲ್ಲಿ ಚಾರ್ಜಿಗೆ ಹೋದಾಗ ವ್ಯತ್ಯಾಸವಾಯಿತು. ಅವನೊಬ್ಬನದೇ ಕಸಿದುಕೊಂಡ ಮೊದಲ ವಾರ ಬರೀ ಜಗಳ.

ಎಲ್ಲಕ್ಕಿಂತ ದೊಡ್ಡ ಫರಕು ಕಂಡಿದ್ದು ಏಳುವ ಹೊತ್ತಿನಲ್ಲಿ. ಜೂನ್‌ನಲ್ಲಿ ಹತ್ತನೇ ತರಗತಿ ಶುರುವಾಯಿತು, ಬೆಳಗಿನ ಆರರ ಟ್ಯೂಷನ್ ಬ್ಯಾಚಿಗೆ ಹಾಕಿದೆವು. ಐದಕ್ಕೆ ಏಳುತ್ತಿದ್ದ. ಶಾಲೆಯಿಂದ ಬಂದವನು ಚೀಲ ಒಗೆದು ಐದರಿಂದ ಏಳರವರೆಗೆ ಗಡದ್ದಾಗಿ ಮಲಗುತ್ತಿದ್ದ. ಎದ್ದು ಒಂದು ಕಪ್ ಚಹಾ. ರಾತ್ರಿ ಮತ್ತೆ ಎರಡೂವರೆಗೆ ಎಚ್ಚರ. ಭಾನುವಾರ ಹತ್ತೂವರೆವರೆಗೆ ಮಲಗಿದರೆ ಸೋಮವಾರದ ರಾತ್ರಿ ಇನ್ನೂ ಕೆಟ್ಟದ್ದು.

ಡಾಕ್ಟರು ನೋಟ್‌ಬುಕ್ ತಿರುವಿ ಹಾಕಿ ಸಂಜೆಯ ನಿದ್ದೆಯ ಮೇಲೆ ಬೆರಳಿಟ್ಟರು. ಎಚ್ಚರವಿದ್ದಷ್ಟು ಹೊತ್ತೂ ಮೈಯಲ್ಲಿ ನಿದ್ದೆಯ ಹಸಿವು ಕೂಡುತ್ತ ಹೋಗುತ್ತದೆ, ಸಂಜೆಯೇ ಅದನ್ನು ತೀರಿಸಿಬಿಟ್ಟರೆ ರಾತ್ರಿಗೆ ಏನು ಉಳಿಯುತ್ತದೆ ಎಂದರು. ಚಹಾದ ಕೆಫೀನ್ ಅರ್ಧ ಇಳಿಯಲು ಸುಮಾರು ಐದು ತಾಸು ಬೇಕು. ಏಳರ ಚಹಾ ನಡುರಾತ್ರಿಯಲ್ಲೂ ಅರ್ಧ ಮೈಯಲ್ಲೇ ಇರುತ್ತದೆ. ನಿದ್ದೆ ಸುಮಾರು 90 ನಿಮಿಷಕ್ಕೊಂದು ಸುತ್ತು ಸುತ್ತುತ್ತದೆ, ಸುತ್ತಿನ ಕೊನೆಗೆ ಎಲ್ಲರೂ ಎಚ್ಚರದ ಅಂಚಿಗೆ ಬಂದು ಹೋಗುತ್ತಾರೆ. ನಿದ್ದೆಯ ಹಸಿವು ಸಾಲದಿದ್ದಾಗ ಆ ಅಂಚಿನಲ್ಲೇ ಕಣ್ಣು ತೆರೆದುಕೊಳ್ಳುತ್ತದೆ. ಈ ವಯಸ್ಸಿನಲ್ಲಿ ಮೆಲಟೋನಿನ್ ಏರುವುದೂ ಚಿಕ್ಕ ಮಕ್ಕಳಿಗಿಂತ ಒಂದೆರಡು ತಾಸು ತಡ. ಬೇಕಾದ ನಿದ್ದೆ ಮಾತ್ರ 8ರಿಂದ 10 ತಾಸು. ಐದಕ್ಕೆ ಎಬ್ಬಿಸಿದರೆ ಆ ಲೆಕ್ಕ ಕೂಡುವುದೇ ಇಲ್ಲ. ಇಷ್ಟು ದಿನ ಅವನನ್ನು ಸೋಮಾರಿ ಎಂದಿದ್ದೆನಲ್ಲ, ಅದು ನನಗೆ ಈಗಲೂ ನೋವು.

ಸಂಜೆಯ ಬ್ಯಾಚಿಗೆ ಬದಲಾಯಿಸಿದೆವು. ಏಳುವುದು ಆರೂಮುಕ್ಕಾಲು, ಭಾನುವಾರವಾದರೂ ಏಳೂವರೆ ದಾಟಬಾರದು. ಎದ್ದ ಕೂಡಲೇ ಅಪ್ಪನ ಜೊತೆ ಮಾವಿನ ಕೆರೆಯ ಕಡೆ ಇಪ್ಪತ್ತು ನಿಮಿಷ ಬೆಳಕಿನಲ್ಲಿ ನಡಿಗೆ. ಮೂರರ ಮೇಲೆ ಚಹಾ ಇಲ್ಲ, ಸಂಜೆ ನಿದ್ದೆ ಇಲ್ಲ. ಮೊದಲ ಐದು ದಿನ ಸಂಜೆ ರೊಟ್ಟಿ ತಿನ್ನುತ್ತಲೇ ತೂಕಡಿಸಿದ, ನೋಡಲಾಗುತ್ತಿರಲಿಲ್ಲ. ಎರಡನೆಯ ವಾರ ನಾಲ್ಕು ರಾತ್ರಿ ಎಚ್ಚರವಾಗಿದ್ದ, ಮೂರನೆಯ ವಾರ ಎರಡು. ಹಾಲು, ಕೂಲರು ಯಾವುದಕ್ಕೂ ನೋಟ್‌ಬುಕ್ಕಿನಲ್ಲಿ ಇಷ್ಟು ಇಳಿತ ಇರಲಿಲ್ಲ.

ಎಚ್ಚರವಾದಾಗ ಏನು ಮಾಡಬೇಕು ಎಂಬುದರಲ್ಲೂ ಎರಡು ಬಗೆ ನೋಡಿದೆವು. ಕಣ್ಣು ಮುಚ್ಚಿ ಹಾಗೇ ಬಿದ್ದುಕೋ ಎಂದಾಗ ತಾಸುಗಟ್ಟಲೆ ಹೊರಳಿದ, ಪರೀಕ್ಷೆಯ ಚಿಂತೆಯೆಲ್ಲ ಆಗಲೇ ಬರುತ್ತಿತ್ತು. ಆಮೇಲೆ ಡಾಕ್ಟರು ಹೇಳಿದಂತೆ, ಇಪ್ಪತ್ತು ನಿಮಿಷವಾಯಿತು ಎನ್ನಿಸಿದರೆ ಎದ್ದು ಪಡಸಾಲೆಗೆ ಬಂದು ಸಣ್ಣ ದೀಪದಲ್ಲಿ ಕೂರುವುದು, ಕಣ್ಣು ಎಳೆದಾಗಷ್ಟೇ ಹಾಸಿಗೆಗೆ ಹೋಗುವುದು. ಅವನು ಬಟ್ಟೆ ಮಡಚುತ್ತ ಕೂರುತ್ತಾನೆ. ಬಹಳ ಸಲ ನಾಲ್ಕನೆಯ ಅಂಗಿಗೇ ಆಕಳಿಕೆ. ಇದಕ್ಕೆ ಕಾಸು ಖರ್ಚಿಲ್ಲ, ನನ್ನ ಲೆಕ್ಕದಲ್ಲಿ ಇದು ಎರಡನೆಯ ಸ್ಥಾನ.

ಮಗು ಜೋರಾಗಿ ಗೊರಕೆ ಹೊಡೆಯುತ್ತಿದ್ದರೆ, ನಿದ್ದೆಯಲ್ಲಿ ಉಸಿರು ಕಟ್ಟಿದಂತಾಗುತ್ತಿದ್ದರೆ ಇದ್ಯಾವುದನ್ನೂ ಮಾಡುತ್ತ ಕೂರದೆ ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ಮಾತು ಬಿಟ್ಟಿದ್ದರೆ, ಊಟ ಸೇರದಿದ್ದರೆ, ಬದುಕು ಬೇಡ ಎಂಬಂಥ ಮಾತು ಬಂದರೂ ಹಾಗೆಯೇ. ಮನಸ್ಸಿನ ತೊಂದರೆಗೆಂದೇ ಇರುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ಗೆ 14416ಕ್ಕೆ ರಾತ್ರಿ ಎಷ್ಟು ಹೊತ್ತಿಗಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ನಮ್ಮಲ್ಲಿ ಈಗಲೂ ವಾರಕ್ಕೊಮ್ಮೆ ಎಚ್ಚರವಾಗುತ್ತದೆ. ನಿನ್ನೆ ಬೆಳಿಗ್ಗೆ ಪಡಸಾಲೆಯ ಹೊರಸಿನ ಮೇಲೆ ಮಡಚಿಟ್ಟ ಮೂರು ಅಂಗಿ, ಒಂದು ಟವೆಲ್ ಇದ್ದವು. ನೋಟ್‌ಬುಕ್ಕಿನಲ್ಲಿ ಅವನ ಅಕ್ಷರ: "ಎಚ್ಚರ 1. ಬೇಗ ನಿದ್ದಿ ಬಂತು."