ದೊಡ್ಡ ಕಂಪನಿ ಬಿಟ್ಟವರು ಮರುಗುತ್ತಾರೆಯೇ? ಉಳಿದು, ಬಿಟ್ಟು, ಸ್ವತಂತ್ರವಾಗಿ ದುಡಿದು ಕಂಡ ವ್ಯತ್ಯಾಸ

ದೊಡ್ಡ ಸಂಸ್ಥೆಯ ಕೆಲಸವನ್ನು ಯಾರ ಒತ್ತಾಯವೂ ಇಲ್ಲದೆ ಬಿಟ್ಟವರನ್ನು ಜನ ಮೊದಲು ಕೇಳುವುದು ‘ಬಿಟ್ಟದ್ದಕ್ಕೆ ಈಗ ಬೇಸರವಿಲ್ಲವೇ?’ ಎಂದು. ನಾನು ಅಂಥ ಸಂಸ್ಥೆಯಲ್ಲಿ ವಿಭಾಗ ಬದಲಿಸಿಕೊಂಡು ಉಳಿದಿದ್ದೇನೆ, ಆಮೇಲೆ ಅದನ್ನು ಬಿಟ್ಟು ಸಣ್ಣ ಕಂಪನಿಯೊಂದರಲ್ಲಿ ದುಡಿದಿದ್ದೇನೆ, ಈಗ ಸ್ವತಂತ್ರವಾಗಿ ಕೆಲಸ ಮಾಡುತ್ತಿದ್ದೇನೆ. ಮೂರನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ, ಮರುಗುವುದು, ಮರುಗದಿರುವುದು ಬಹುಮಟ್ಟಿಗೆ ರಾಜೀನಾಮೆಯ ಹಿಂದಿದ್ದ ಕಾರಣಕ್ಕೆ ಸೇರಿದ್ದು ಎಂಬುದು ನನಗೆ ಮನದಟ್ಟಾಗಿದೆ. ಒಬ್ಬ ಮ್ಯಾನೇಜರ್ ಮೇಲಿನ ಬೇಸರಕ್ಕೆ ಇಡೀ ಸಂಸ್ಥೆಯನ್ನೇ ಬಿಟ್ಟ ನನ್ನ ಸಹೋದ್ಯೋಗಿಗಳು ಮುಂದೆ ಹಲವು ಬಾರಿ ಆ ದಿನಗಳನ್ನು ನೆನೆದು ಕೊರಗಿದ್ದಾರೆ. ಸಂಸ್ಥೆಯ ಗಾತ್ರವೇ ತಮಗೆ ಒಗ್ಗುವುದಿಲ್ಲವೆಂದು ತಿಳಿದು ಬಿಟ್ಟವರು ಸಂಬಳ ಕಡಿಮೆಯಾದಾಗಲೂ ಹಾಗೆ ಕೊರಗಿದ್ದನ್ನು ನಾನು ಕಂಡಿಲ್ಲ.

ಮೊದಲು ಉಳಿಯುವ ದಾರಿಯನ್ನು ನೋಡೋಣ, ಏಕೆಂದರೆ ರಾಜೀನಾಮೆ ಬರೆಯುವ ಅವಸರದಲ್ಲಿ ಹೆಚ್ಚಿನವರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸಾವಿರಾರು ಜನರಿರುವ ಸಂಸ್ಥೆಯಲ್ಲಿ ಒಂದು ತಂಡದ ವಾತಾವರಣಕ್ಕೂ ಪಕ್ಕದ ತಂಡದ ವಾತಾವರಣಕ್ಕೂ ಅಜಗಜಾಂತರ ಇರಬಹುದು. ನಾನು ವಿಭಾಗ ಬದಲಿಸಿದಾಗ ಅಪ್ರೈಸಲ್‌ನ ಕಿರಿಕಿರಿ ತಗ್ಗಿತು, ಮಾತು ಕೇಳುವ ಮ್ಯಾನೇಜರ್ ಸಿಕ್ಕರು, ರಾತ್ರಿ ಹೊತ್ತಿನ ಫೋನ್ ಕರೆಗಳು ನಿಂತವು. ಸಂಬಳ, ವಿಮೆ, ಕಂತು ಕಂತಾಗಿ ಕೈಸೇರುವ ಷೇರುಗಳು ಯಾವುದಕ್ಕೂ ಧಕ್ಕೆಯಾಗಲಿಲ್ಲ. ಆದರೂ ಒಂದು ಸಂಗತಿ ಹಾಗೆಯೇ ಉಳಿಯಿತು. ನಮ್ಮ ತಂತ್ರಾಂಶದ ಪರದೆಯೊಂದರಲ್ಲಿ ಬಳಕೆದಾರರಿಗೆ ಗೊಂದಲ ಉಂಟುಮಾಡುತ್ತಿದ್ದ ಒಂದು ಸಾಲಿನ ಎಚ್ಚರಿಕೆ ಸಂದೇಶವನ್ನು ತಿದ್ದಬೇಕಿತ್ತು. ಅದು ಕಾನೂನು ವಿಭಾಗ, ಬ್ರ್ಯಾಂಡ್ ವಿಭಾಗ, ಅನುವಾದ ವಿಭಾಗಗಳ ಒಪ್ಪಿಗೆ ಪಡೆದು, ಮುಂದಿನ ಬಿಡುಗಡೆಯ ಪಟ್ಟಿಗೆ ಸೇರಿ ಹೊರಬರುವಷ್ಟರಲ್ಲಿ ಆ ಪರದೆಯನ್ನೇ ತೆಗೆದುಹಾಕುವ ತೀರ್ಮಾನವಾಗಿತ್ತು. ಇದರಲ್ಲಿ ಯಾರೊಬ್ಬರ ತಪ್ಪೂ ಇರಲಿಲ್ಲ. ಒಳ್ಳೆಯ ಮ್ಯಾನೇಜರ್ ಇದ್ದೂ ಹೀಗಾಗುತ್ತಿದೆಯೆಂದರೆ ಇದು ಗಾತ್ರದ ಗುಣ, ಇನ್ನೊಂದು ವರ್ಗಾವಣೆಯಿಂದ ಹೋಗುವಂಥದ್ದಲ್ಲ ಎಂದು ನನಗೆ ಅರ್ಥವಾದದ್ದು ಆಗಲೇ. ಉಳಿದು ನೋಡದೆ ಬಿಟ್ಟಿದ್ದರೆ ಈ ಎರಡು ಬಗೆಯ ಬೇಸರಗಳನ್ನು ಬೇರ್ಪಡಿಸಲು ನನ್ನಿಂದ ಸಾಧ್ಯವಾಗುತ್ತಿರಲಿಲ್ಲ.

ಸಣ್ಣ ಕಂಪನಿಯಲ್ಲಿ ಇದೇ ಅಳತೆಗೋಲಿನಿಂದ ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಬೆಳಿಗ್ಗೆ ಗ್ರಾಹಕರೊಬ್ಬರು ಕರೆ ಮಾಡಿ ಹೇಳಿದ ದೋಷ ಸಂಜೆಯೊಳಗೆ ಸರಿಹೋಗಿ, ಅವರೇ ಮತ್ತೆ ಕರೆ ಮಾಡಿ ಸರಿಯಾಗಿದೆ ಎಂದು ಹೇಳಿದಾಗ ಆದ ಸಮಾಧಾನ ನನಗೆ ದೊಡ್ಡ ಸಂಸ್ಥೆಯ ಯಾವ ಬಡ್ತಿಯಲ್ಲೂ ಆಗಿರಲಿಲ್ಲ. ಆದರೆ ಅಲ್ಲಿ ಮಾಲೀಕರ ಅಂದಿನ ಮನಃಸ್ಥಿತಿಯೇ ಕಂಪನಿಯ ನಿಯಮ. ಒಬ್ಬರೊಡನೆ ಮನಸ್ತಾಪವಾದರೆ ಸರಿದುಕೊಳ್ಳಲು ಇನ್ನೊಂದು ವಿಭಾಗವಿಲ್ಲ. ಒಂದು ದೊಡ್ಡ ಗ್ರಾಹಕ ಕೈತಪ್ಪಿದರೆ ಸಂಬಳದ ದಿನಾಂಕ ಮುಂದೆ ಹೋಗುತ್ತದೆ. ನನಗೆ ಇದೆಲ್ಲಕ್ಕಿಂತ ಹೆಚ್ಚು ಕಾಡಿದ್ದು ಕೇಳಿ ತಿಳಿಯಲು ಹಿರಿಯರಿಲ್ಲದಿರುವುದು. ದೊಡ್ಡ ಸಂಸ್ಥೆಯಲ್ಲಿ ಎಂಥ ಕಗ್ಗಂಟು ಎದುರಾದರೂ ಅದನ್ನು ಹಿಂದೊಮ್ಮೆ ಬಿಡಿಸಿದವರು ಯಾವುದೋ ಮಹಡಿಯಲ್ಲಿ ಇದ್ದೇ ಇರುತ್ತಿದ್ದರು. ಅಂಥವರ ಬೆಲೆ ಸಂಬಳದ ಚೀಟಿಯಲ್ಲಿ ನಮೂದಾಗಿರುವುದಿಲ್ಲವಾದ್ದರಿಂದ, ಬಿಡುವಾಗ ಏನನ್ನು ಕಳೆದುಕೊಳ್ಳುತ್ತಿದ್ದೇವೆಂಬ ಲೆಕ್ಕಕ್ಕೆ ಅವರು ಸೇರುವುದೇ ಇಲ್ಲ. ವೃತ್ತಿಯ ಮೊದಲ ವರ್ಷಗಳಲ್ಲಿರುವವರು ಯಾರಾದರೂ ನನ್ನನ್ನು ಕೇಳಿದರೆ, ಈ ಒಂದೇ ಕಾರಣಕ್ಕಾಗಿ ಇನ್ನಷ್ಟು ಕಾಲ ಅಲ್ಲೇ ಇರಿ ಎನ್ನುತ್ತೇನೆ.

ಹೊಸ ಜಾಗವನ್ನು ಮೊದಲ ತಿಂಗಳುಗಳ ಉತ್ಸಾಹದಿಂದ ಅಳೆಯಬಾರದು. ವೆಂಡಿ ಬಾಸ್ವೆಲ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ವಇಚ್ಛೆಯಿಂದ ಕೆಲಸ ಬದಲಿಸಿದವರ ತೃಪ್ತಿ ಬಿಡುವ ಮುನ್ನ ತಗ್ಗಿ, ಹೊಸ ಕೆಲಸ ಸೇರಿದೊಡನೆ ಏರಿ, ಆಮೇಲೆ ಮತ್ತೆ ಇಳಿದದ್ದು ಕಂಡುಬಂದಿತ್ತು. ‘ಬಿಟ್ಟದ್ದು ತಪ್ಪಾಯಿತೇನೋ’ ಎಂಬ ಮಾತು ಬಾಯಿಗೆ ಬರುವುದು ಸಾಮಾನ್ಯವಾಗಿ ಈ ಇಳಿಜಾರಿನಲ್ಲಿಯೇ. ನನಗೂ ಸಣ್ಣ ಕಂಪನಿಯಲ್ಲಿ ಅಂಥ ಕಾಲ ಬಂದಿತ್ತು. ಆದರೆ ಆಗ ನನ್ನನ್ನು ಕಾಡುತ್ತಿದ್ದವು ಸಂಬಳದ ದಿನಾಂಕ, ಒಂಟಿತನ ಇತ್ಯಾದಿ ಹೊಸ ತೊಂದರೆಗಳು. ನಾನು ಬಿಟ್ಟು ಬಂದ ಹಳೆಯ ತೊಂದರೆ ಅಲ್ಲಿ ನಿಜಕ್ಕೂ ಇರಲಿಲ್ಲ.

ಸ್ವತಂತ್ರ ದುಡಿಮೆಯ ಬಗ್ಗೆ ಹಣದ ಮಾತನ್ನು ಮೊದಲೇ ನೇರವಾಗಿ ಹೇಳಿಬಿಡಬೇಕು. ಅರ್ಥಶಾಸ್ತ್ರಜ್ಞ ಬಾರ್ಟನ್ ಹ್ಯಾಮಿಲ್ಟನ್ ಅಮೆರಿಕದ ದತ್ತಾಂಶ ಆಧರಿಸಿ 2000ರಲ್ಲಿ ತೋರಿಸಿದಂತೆ, 10 ವರ್ಷ ಸ್ವಂತ ಉದ್ಯೋಗ ನಡೆಸಿದ ನಡುಮಟ್ಟದ ವ್ಯಕ್ತಿಯ ಗಳಿಕೆ ಅಷ್ಟೇ ಅವಧಿಯ ನೌಕರಿಯಲ್ಲಿ ಅಂದಾಜು ಸಿಗಬಹುದಾಗಿದ್ದ ಸಂಬಳಕ್ಕಿಂತ ಶೇ. 35ರಷ್ಟು ಕಡಿಮೆ. ಹಾಗಿದ್ದೂ ಜನ ಆ ದಾರಿಯಲ್ಲಿ ಮುಂದುವರಿಯುತ್ತಾರೆ. ಏಕೆಂದು ನನ್ನ ದಿನಚರಿಯನ್ನು ನೋಡಿದರೆ ಗೊತ್ತಾಗುತ್ತದೆ: ಯಾವ ಕೆಲಸ ಒಪ್ಪಬೇಕು, ಯಾವುದನ್ನು ಬೇಡವೆನ್ನಬೇಕು, ಮುಗಿಯಿತೆಂದು ಯಾವಾಗ ಹೇಳಬೇಕು ಎಂಬ ಮೂರೂ ತೀರ್ಮಾನಗಳು ನನ್ನವೇ. ಇದಕ್ಕೆ ತೆರುವ ಬೆಲೆ ಕೇವಲ ಹಣದ್ದಲ್ಲ. ಕೆಲಸ ಮುಗಿದು ಎಷ್ಟೋ ದಿನವಾದರೂ ಇನ್‌ವಾಯ್ಸ್ ಪಾವತಿಯಾಗದೆ ‘ಲೆಕ್ಕಪತ್ರ ವಿಭಾಗದಲ್ಲಿದೆ’ ಎಂಬ ಉತ್ತರವನ್ನೇ ಮತ್ತೆ ಮತ್ತೆ ಕೇಳಬೇಕಾಗುತ್ತದೆ, ಕಾಯಿಲೆ ಬಿದ್ದರೆ ಆ ದಿನದ ಸಂಪಾದನೆ ಹೋಯಿತೆಂದೇ ಅರ್ಥ. ಇನ್ನು ಹೆಸರಿನ ಮಾತು. ದೊಡ್ಡ ಕಂಪನಿಯ ಹೆಸರು ಹೇಳಿದರೆ ಮುಗಿಯುತ್ತಿದ್ದ ಪರಿಚಯಕ್ಕೆ ಈಗ ನಾಲ್ಕು ವಾಕ್ಯಗಳು ಬೇಕು. ಸಾಲ ಕೊಡುವವರ ಮುಂದೆ ಆ ನಾಲ್ಕು ವಾಕ್ಯಗಳೂ ಸಾಲುವುದಿಲ್ಲ.

ಈ ದಾರಿಗೆ ಇಳಿಯುವವರು ಒಮ್ಮೆಗೇ ಧುಮುಕಬೇಕಾಗಿಲ್ಲ. ಜೋಸೆಫ್ ರಾಫಿ ಮತ್ತು ಜೀ ಫೆಂಗ್ 2014ರ ತಮ್ಮ ಅಧ್ಯಯನದಲ್ಲಿ, ನೌಕರಿಯಲ್ಲಿದ್ದುಕೊಂಡೇ ಸ್ವಂತ ಉದ್ಯಮ ಆರಂಭಿಸಿ ಆಮೇಲೆ ಪೂರ್ಣಾವಧಿಗೆ ಬಂದವರಲ್ಲಿ ಉದ್ಯಮ ಕೈಬಿಡುವ ಸಂಭವವು ನೇರವಾಗಿ ಧುಮುಕಿದವರಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ ಎಂದು ಕಂಡುಕೊಂಡರು. ಸಣ್ಣ ಕಂಪನಿಯಲ್ಲಿದ್ದಾಗಲೇ ಅಲ್ಲಿನ ಮಾಲೀಕರ ಒಪ್ಪಿಗೆ ಪಡೆದು ವಾರಾಂತ್ಯಗಳಲ್ಲಿ ನಾನು ಹೊರಗಿನ ಕೆಲಸ ಮಾಡಿ ನೋಡಿದ್ದೆ. ಉದ್ಯೋಗ ಒಪ್ಪಂದದಲ್ಲಿ ಇದಕ್ಕೆ ಅವಕಾಶವಿದೆಯೇ, ಹಾಗೆ ಮಾಡಿದ ಕೆಲಸದ ಮೇಲಿನ ಹಕ್ಕು ಯಾರದು ಎಂಬುದನ್ನು ಮಾತ್ರ ಮೊದಲೇ ಓದಿಕೊಂಡಿರಬೇಕು.

ಹಾಗಾದರೆ ಅನುಮಾನದಲ್ಲಿರುವವರು ಉಳಿಯಬೇಕೋ ಹೊರಡಬೇಕೋ? ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್, ಬದುಕಿನ ದೊಡ್ಡ ತೀರ್ಮಾನಗಳ ಮುಂದೆ ತೂಗಾಡುತ್ತಿದ್ದ ಜನರಿಗಾಗಿ ನಾಣ್ಯ ಚಿಮ್ಮುವ ಪ್ರಯೋಗವೊಂದನ್ನು ನಡೆಸಿದ್ದರು. 20,000ಕ್ಕೂ ಹೆಚ್ಚು ಬಾರಿ ನಾಣ್ಯ ಚಿಮ್ಮಿದ ಆ ಪ್ರಯೋಗದಲ್ಲಿ ಕೆಲಸ ಬಿಡಬೇಕೇ ಎಂಬುದೂ ಒಂದು ಪ್ರಶ್ನೆಯಾಗಿತ್ತು. 2021ರಲ್ಲಿ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮಹತ್ವದ ವಿಷಯಗಳಲ್ಲಿ ಬದಲಾವಣೆಯನ್ನು ಆರಿಸಿಕೊಂಡವರು ಆರು ತಿಂಗಳ ನಂತರ ಇದ್ದಲ್ಲೇ ಉಳಿದವರಿಗಿಂತ ಹೆಚ್ಚು ಸಂತೋಷದಿಂದಿದ್ದರು. ಇದನ್ನು ಎಲ್ಲರಿಗೂ ಅನ್ವಯಿಸಿ ‘ಬಿಟ್ಟರೆ ಒಳಿತು’ ಎನ್ನಲಾಗದು. ನಾಣ್ಯದ ಮೊರೆ ಹೋಗುವಷ್ಟು ಮನಸ್ಸು ಹೊಯ್ದಾಡುತ್ತಿದ್ದವರಷ್ಟೇ ಅದರಲ್ಲಿ ಭಾಗವಹಿಸಿದ್ದರು. ಆದರೆ ವರ್ಷಗಟ್ಟಲೆ ಅಂಥ ಹೊಯ್ದಾಟದಲ್ಲಿರುವವರು ಬಿಡುವುದರ ಅಪಾಯವನ್ನು ದೊಡ್ಡದಾಗಿಯೂ ಉಳಿಯುವುದರ ಅಪಾಯವನ್ನು ಚಿಕ್ಕದಾಗಿಯೂ ಕಾಣುತ್ತಿರುತ್ತಾರೆಂಬುದಕ್ಕೆ ಅದು ಒಳ್ಳೆಯ ಸುಳಿವು. ಮನಶ್ಶಾಸ್ತ್ರಜ್ಞರಾದ ಥಾಮಸ್ ಗಿಲೊವಿಚ್ ಮತ್ತು ವಿಕ್ಟೋರಿಯಾ ಮೆಡ್ವೆಕ್ 1990ರ ದಶಕದಲ್ಲಿ ತೋರಿಸಿದ್ದೂ ಇದಕ್ಕೆ ಹತ್ತಿರವಾದದ್ದೇ: ಮಾಡಿದ್ದರ ಬಗೆಗಿನ ಕೊರಗು ಆರಂಭದಲ್ಲಿ ಹೆಚ್ಚು ಚುಚ್ಚುತ್ತದೆ, ಮಾಡದೆ ಬಿಟ್ಟದ್ದರ ಕೊರಗು ಕಾಲ ಕಳೆದಂತೆ ಮೇಲುಗೈ ಪಡೆಯುತ್ತದೆ.

ಮರಳಿ ಹೋಗುವುದು ನಾಲ್ಕನೆಯ ದಾರಿ, ಇದನ್ನು ಸೋಲೆಂದು ಕಾಣಬೇಕಾಗಿಲ್ಲ. ನನ್ನ ಪರಿಚಯದ ಕೆಲವರು ಹಳೆಯ ಸಂಸ್ಥೆಗೇ ಮೇಲಿನ ಹುದ್ದೆಯಲ್ಲಿ ಮರಳಿ ನೆಮ್ಮದಿಯಾಗಿದ್ದಾರೆ. ಅವರು ಬಿಟ್ಟದ್ದು ಒಬ್ಬ ವ್ಯಕ್ತಿಯ ಕಾರಣಕ್ಕೆ, ಮರಳುವಾಗ ಆ ವ್ಯಕ್ತಿ ಅಲ್ಲಿರಲಿಲ್ಲ. ನನಗೂ ಹಳೆಯ ವಿಭಾಗದಿಂದ ಆಹ್ವಾನ ಬಂದಿತ್ತು. ಸಂಬಳದ ಮಾತಿಗೆ ಮೊದಲು ನಾನು ಕೇಳಿದ್ದು, ಪರದೆಯ ಮೇಲಿನ ಒಂದು ಸಾಲನ್ನು ಬದಲಿಸಲು ಈಗ ಯಾರು ಯಾರ ಒಪ್ಪಿಗೆ ಬೇಕು ಎಂಬುದನ್ನು. ಹಳೆಯ ಪಟ್ಟಿಗೆ ಇನ್ನೊಂದು ವಿಭಾಗ ಸೇರಿಕೊಂಡಿತ್ತು. ನೌಕರಿಯನ್ನು ಒಪ್ಪಲಿಲ್ಲ, ಆ ಕೆಲಸದ ಒಂದು ಭಾಗವನ್ನು ಹೊರಗಿನಿಂದ ಮಾಡಿಕೊಡಲು ಒಪ್ಪಿಕೊಂಡೆ, ಇನ್‌ವಾಯ್ಸ್ ಪಾವತಿಗೆ 30 ದಿನಗಳ ಗಡುವನ್ನು ಒಪ್ಪಂದದಲ್ಲಿಯೇ ಬರೆಸಿಕೊಂಡು.